ಭರಮಪ್ಪನ ಹೆಸರಿನಲ್ಲಿ

ಖಾನಾಪುರದ ಭರಮಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆದರೂ 2003ರ ಮಳೆಗಾಲದಲ್ಲಿ ಆತ ಬೆಳಗಾವಿಯ ಖಾಸಬಾಗದ ಒಂದು ಸೈಬರ್ ಕೆಫೆಯಲ್ಲಿ ವಾರಕ್ಕೆ ನಾಲ್ಕು ದಿನ, ಸಂಜೆ ನಾಲ್ಕರಿಂದ ಐದರವರೆಗೆ, ಇಂಟರ್ನೆಟ್ಟಿನಲ್ಲಿ ಚೆಸ್ ಆಡುತ್ತಿದ್ದ. ಪುಣೆಯವರನ್ನು ಸೋಲಿಸಿದ, ಕೊಲ್ಲಾಪುರದವರನ್ನು ಸೋಲಿಸಿದ, ಒಮ್ಮೆ ಯಾವುದೋ ದೇಶದ ಡಾಕ್ಟರೊಬ್ಬನನ್ನು ಸೋಲಿಸಿ ಅವನಿಂದ 'ಸರ್' ಎನ್ನಿಸಿಕೊಂಡ. ಬದುಕಿದ್ದಾಗ ಕುರಿ ಕಾಯುವವನನ್ನು ಯಾರೂ ಸರ್ ಎಂದಿರಲಿಲ್ಲ. ಸತ್ತ ಮೇಲಾದರೂ ಮರ್ಯಾದೆ ಸಿಕ್ಕಿತಲ್ಲ ಎಂದು ಅನುರಾಧಾ ಒಳಗೊಳಗೇ ನಗುತ್ತಿದ್ದಳು. ಅಜ್ಜನ ಹೆಸರು ಹಾಕಿಕೊಂಡು ಆಡುತ್ತಿದ್ದವಳು ಅವಳೇ.

ಅವಳು ಬಿ.ಎಸ್ಸಿ. ಎರಡನೆಯ ವರ್ಷ. ದಿನಾ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರದಿಂದ ಬೆಳಗಾವಿಗೆ ಮುಕ್ಕಾಲು ಗಂಟೆಯ ದಾರಿ. ಆ ಮುಕ್ಕಾಲು ಗಂಟೆಯಲ್ಲಿ ಅವಳು ಕಲಿತದ್ದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಫೈಲನ್ನು ಎದೆಗೆ ಹೇಗೆ ಅವಚಿಕೊಳ್ಳಬೇಕು, ಮೊಣಕೈಯನ್ನು ಎಷ್ಟು ಚೂಪಾಗಿ ಇಟ್ಟುಕೊಳ್ಳಬೇಕು, ದುಪಟ್ಟಾಕ್ಕೆ ಚುಚ್ಚಿದ ಪಿನ್ನನ್ನು ಯಾರಿಗೂ ಕಾಣದಂತೆ ಹೇಗೆ ಬಿಚ್ಚಬೇಕು. ಗಾಡಿ ಅಲುಗಾಡಿದಾಗೆಲ್ಲ ಹೆಣ್ಣುಮಕ್ಕಳ ಮೈಮೇಲೆಯೇ ಬೀಳುತ್ತೇವೆಂದು ಬಾಗಿಲ ಬಳಿಯ ಗಂಡಸರು ಹರಕೆ ಹೊತ್ತಿದ್ದರೋ ಏನೋ, ಗಾಡಿ ನಿಂತಾಗಲೂ ಬೀಳುತ್ತಿದ್ದರು. ಒಮ್ಮೆ ದೇಸೂರು ದಾಟಿದ ಮೇಲೆ ಅವಳು ಒಬ್ಬನ ಕೈ ಹಿಡಿದು ಕೂಗಿಬಿಟ್ಟಳು. ಇಡೀ ಡಬ್ಬಿ ಅವನನ್ನು ನೋಡಲಿಲ್ಲ, ಅವಳನ್ನು ನೋಡಿತು.

"ಅಷ್ಟ ನಾಜೂಕ ಇದ್ರ ಮನ್ಯಾಗ ಕುಂದರಬೇಕವಾ," ಎಂದ ಕಿಟಕಿ ಪಕ್ಕದ ಹಿರಿಯನೊಬ್ಬ, ಊರಿಗೆಲ್ಲ ಬುದ್ಧಿ ಹೇಳುವ ಗುತ್ತಿಗೆ ಹಿಡಿದವನಂತೆ.

ಇದನ್ನೆಲ್ಲ ಅವಳು ಮನೆಯಲ್ಲಿ ಹೇಳುವಂತಿರಲಿಲ್ಲ. ತಂದೆ ದುಂಡಪ್ಪ ತಾಲ್ಲೂಕು ಕಚೇರಿಯಲ್ಲಿ ಜವಾನ, ಆ ಮನೆತನದಲ್ಲಿ ಕುರಿ ಬಿಟ್ಟು ಸಂಬಳ ಹಿಡಿದ ಮೊದಲನೆಯವನು. ಅನುರಾಧಾ ಆ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲ ಹೆಣ್ಣು. ರೈಲಿನ ಪಾಸ್ ಮಾಡಿಸಿಕೊಟ್ಟ ದಿನವೇ ಆತ ಹೇಳಿದ್ದ: "ನಾಕ ಮಂದಿ ಬಾಯಾಗ ನಿನ್ನ ಹೆಸರ ಬಂತಂದ್ರ, ಈ ಪಾಸ್ ಇಸ್ಕೊಂಡ ದೇವರ ಮಾಡದಾಗ ಇಡ್ತೀನಿ ನೋಡವಾ." ಲೆಕ್ಕದ ಟೀಚರ್ ಆಗಬೇಕೆಂದು ಅವಳು ಆರನೆಯ ಇಯತ್ತೆಯಲ್ಲೇ ನಿಶ್ಚಯ ಮಾಡಿಕೊಂಡಿದ್ದಳು. ಆ ಪಾಸ್ ಹೋದರೆ ಎಲ್ಲವೂ ಹೋದಂತೆ.

ಚೆಸ್ ಹತ್ತಿಕೊಂಡದ್ದು ಅಣ್ಣ ಸಂಜಯನ ದೆಸೆಯಿಂದ. ಅವನು ಖಾಸಬಾಗದ ಆ ಸೈಬರ್ ಕೆಫೆಯನ್ನು ನೋಡಿಕೊಳ್ಳುತ್ತಿದ್ದ. ಕಾಲೇಜು ಬಿಟ್ಟ ಮೇಲೆ ಸಂಜೆಯ ಗಾಡಿಯವರೆಗೆ ತಂಗಿ ಎಲ್ಲೆಲ್ಲೋ ನಿಲ್ಲುವುದು ಬೇಡವೆಂದು ಅವನೇ ಕರೆದು ನಾಲ್ಕನೆಯ ಕ್ಯಾಬಿನ್ನಿನಲ್ಲಿ ಕೂರಿಸಿದ್ದ. ಮೊದಲ ದಿನ ಅವಳು ತನ್ನ ಹೆಸರಿನಲ್ಲೇ ಆಡಲು ಹೋದಳು. ಮೂರನೆಯ ನಡೆಗೆ ಎದುರಾಳಿ ಕುದುರೆ ನಡೆಸುವುದನ್ನು ಬಿಟ್ಟು ಪಕ್ಕದ ಮಾತಿನ ಪೆಟ್ಟಿಗೆಯಲ್ಲಿ 'ಒಬ್ಬಳೇ ಇದ್ದೀಯಾ' ಎಂದು ಬರೆದ. ಎರಡನೆಯವನು ವಯಸ್ಸು ಕೇಳಿದ. ಮೂರನೆಯವನು ಬರೆದದ್ದನ್ನು ಅವಳು ಪೂರ್ತಿ ಓದಲಿಲ್ಲ, ಕಂಪ್ಯೂಟರಿನ ಗುಂಡಿಯನ್ನೇ ಒತ್ತಿ ಆರಿಸಿಬಿಟ್ಟಳು. ರೈಲಿನಲ್ಲಾದರೆ ಒಂದು ಡಬ್ಬಿ, ಇಲ್ಲಿ ಇಡೀ ಜಗತ್ತೇ ಬಾಗಿಲಲ್ಲಿ ನಿಂತಿತ್ತು.

"ಗಂಡಸರ ಹೆಸರ ಹಾಕ ಅನೂ. ಯಾವ ಮಗನೂ ತಂಟಿಗೆ ಬರೂದಿಲ್ಲ," ಎಂದ ಸಂಜಯ.

ಆಗ ಅವಳಿಗೆ ಹೊಳೆದದ್ದು ಅಜ್ಜ. ಹೆಸರು ದಾಖಲು ಮಾಡಿದವನೂ ಪಾಸ್‌ವರ್ಡ್ ಕೂಡಿಸಿಕೊಟ್ಟವನೂ ಸಂಜಯನೇ. ಅಂದಿನಿಂದ ಭರಮಪ್ಪನನ್ನು ಯಾರೂ ವಯಸ್ಸು ಕೇಳಲಿಲ್ಲ, ಒಬ್ಬನೇ ಇದ್ದೀಯಾ ಎನ್ನಲಿಲ್ಲ. ಗೆದ್ದರೆ 'ಒಳ್ಳೇ ಆಟ' ಎನ್ನುತ್ತಿದ್ದರು. ಆ ಒಂದು ಗಂಟೆ ಅವಳಿಗೆ ಮೈಯಿರಲಿಲ್ಲ, ಬರೀ ತಲೆ ಇತ್ತು. ಅಷ್ಟು ಸುಖವನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಅಜ್ಜನ ಹೆಸರು ಸುಮ್ಮನೆ ಇಟ್ಟದ್ದೂ ಅಲ್ಲ. ಆಟ ಕಲಿಸಿದವನು ಆತನೇ. ಮನೆ ಮುಂದಿನ ಕಟ್ಟೆಯ ಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಉಳಿ ತಗೊಂಡು ಕೆತ್ತಿದ್ದ. ಹುಲಿಗೆ ಬೇಕಾದ ಕಡೆ ಹಾರುವ ಬಲ, ಕುರಿಗೆ ಒಂದೇ ಬಲ: ಒಂದರ ಹಿಂದೆ ಇನ್ನೊಂದು ನಿಲ್ಲುವುದು. "ಬೆನ್ನಿಂದ ಖಾಲಿ ಇದ್ದ ಕುರೀನ ಹುಲಿ ಹಾರಿ ತಿಂತೈತಿ," ಎಂದು ಆತ ಏಳು ವರ್ಷದ ಮೊಮ್ಮಗಳಿಗೆ ಹೇಳಿಕೊಟ್ಟಿದ್ದ. ಆತ ಹೋದ ಮೇಲೆ ಅದೇ ಕಟ್ಟೆಯ ಮೇಲೆ ಅವಳೊಂದಿಗೆ ಆಡಿದವಳು ಅಜ್ಜಿ ಸಿದ್ದಕ್ಕ. ಅವಳನ್ನು ಮೊಮ್ಮಕ್ಕಳು ಆಯಿ ಎನ್ನುತ್ತಿದ್ದರು. ಅನುರಾಧಾ ಮೂರು ವರ್ಷದವಳಿದ್ದಾಗ ತಾಯಿ ತೀರಿಕೊಂಡಿದ್ದಳು. ಹಾಗಾಗಿ ತಾಯಿಯೂ ಆಯಿಯೇ, ಗೆಳತಿಯೂ ಆಯಿಯೇ. ಯಾವ ಕುರಿ ಯಾವ ಹುಣ್ಣಿಮೆಗೆ ಈಯಿತು, ಎಷ್ಟು ಮರಿ, ಯಾವುದರ ಕಿವಿ ಸೀಳಿತ್ತು ಎಂದು ನಲವತ್ತು ವರ್ಷದ ಹಿಂದಿನದನ್ನೂ ನಿನ್ನೆಯದೆಂಬಂತೆ ಹೇಳುವ ಮುದುಕಿ.

ಕೆಫೆಯ ಮಾಲೀಕ ವಿನಯ. ರವಿವಾರ ಪೇಟೆಯಲ್ಲಿ ಬೆಲ್ಲದ ಸಗಟು ವ್ಯಾಪಾರ ಮಾಡುವ ಗುರುಪಾದಪ್ಪ ಸಾವಕಾರರ ಒಬ್ಬನೇ ಮಗ. ಅಪ್ಪ ಹಾಕಿಕೊಟ್ಟ ಅಂಗಡಿ, ಅಪ್ಪ ಕೊಡಿಸಿದ ಮೋಟಾರ್‌ಸೈಕಲ್ಲು, ಮೀಸೆಯೊಂದೇ ಸ್ವಂತದ್ದು. ಅವನೂ ಅದೇ ಚೆಸ್ ಆಟಕ್ಕೆ 'ಕಿಂಗ್' ಎಂಬ ಹೆಸರಿನಲ್ಲಿ ಬರುತ್ತಿದ್ದ, ಭರಮಪ್ಪನ ಕೈಯಲ್ಲಿ ಸೋಲುತ್ತಿದ್ದ. ಅವಳು ಇಲ್ಲಿ ಚೆಕ್‌ಮೇಟ್ ಕೊಟ್ಟ ಗಳಿಗೆಗೆ ಸರಿಯಾಗಿ ಪ್ಲೈವುಡ್ಡಿನ ಆಚೆ ಅವನು ಮೇಜು ಗುದ್ದುವುದು ಕೇಳಿಸುತ್ತಿತ್ತು. "ಯಾರೋ ಇಂವಾ ಭರಮಪ್ಪ? ಮುದುಕ ಜೀವಾ ತಿನ್ನಾಕತ್ತಾನ!" ಎಂದು ಅವನು ಒದರಿದಾಗ ಕೌಂಟರಿನಲ್ಲಿ ಸಂಜಯ ಕೆಮ್ಮಿ ನಗು ನುಂಗುತ್ತಿದ್ದ. ಅಣ್ಣ ತಂಗಿ ಸಂಜೆ ಒಂದೇ ಗಾಡಿಯಲ್ಲಿ ಹೋದ ದಿನ ಅದನ್ನು ನೆನೆನೆನೆದು ನಕ್ಕಿದ್ದೂ ಉಂಟು.

ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಆಟದ ಮಧ್ಯೆ ಕಿಂಗ್ ಬರೆದ: 'ಹಸಿರು ಚೂಡಿದಾರ ನಿನಗ ಚಂದ ಒಪ್ಪತೈತಿ ಭರಮಪ್ಪಾ.'

ಅವಳು ತನ್ನ ಮೈಮೇಲಿನ ಹಸಿರು ಬಟ್ಟೆಯನ್ನು ನೋಡಿಕೊಂಡಳು. ಆಮೇಲಿನ ಸಾಲುಗಳು ಚೂಡಿದಾರದ ಬಗ್ಗೆ ಇರಲಿಲ್ಲ, ಅದರ ಒಳಗಿನದರ ಬಗ್ಗೆ ಇದ್ದವು. ಗಂಡಸಿನ ಹೆಸರು ಹಾಕಿಕೊಂಡು ಆಡುವವಳು ಎಂಥವಳಿರಬೇಕು ಎಂಬುದರ ಬಗ್ಗೆ ಇದ್ದವು. ಆಚೆ ಪ್ಲೈವುಡ್ಡಿನ ಹಿಂದೆ ಯಾರೋ ಮೆಲ್ಲಗೆ ನಕ್ಕರು.

ಮೂರನೆಯ ದಿನ ಅದು ಪರದೆಯಿಂದ ಇಳಿದು ಪ್ಲಾಟ್‌ಫಾರ್ಮಿಗೆ ಬಂತು. ವಿನಯನ ಜತೆ ಸದಾ ಇರುವ ನಾಲ್ವರು ಸಂಜೆಯ ಗಾಡಿಯ ಹೊತ್ತಿಗೆ ಬೆಳಗಾವಿ ಸ್ಟೇಷನ್ನಿನಲ್ಲಿ ನಿಂತಿದ್ದರು. "ಏ ಭರಮಪ್ಪಾ! ಒಂದ ಆಟ ಆಡೂಣೇನ?" ಎಂದು ಒಬ್ಬ ಕೂಗಿದ. ಗಾಡಿ ಹತ್ತುವ ನೂಕುನುಗ್ಗಲಿನಲ್ಲಿ ನಾಲ್ವರೂ ಅವಳ ಸುತ್ತ ಗೋಡೆಯಂತೆ ನಿಂತರು. ಎಂಟು ಕೈಗೆ ಒಂದು ಪಿನ್ನು ಎಲ್ಲಿ ಸಾಲುತ್ತದೆ? ಒಳಗೆ ಹೋಗಿ ಕೂತವಳು ಖಾನಾಪುರ ಬರುವವರೆಗೂ ಫೈಲನ್ನು ಎದೆಯಿಂದ ಇಳಿಸಲಿಲ್ಲ. ಮುಟ್ಟಿದ್ದಕ್ಕಿಂತ ಅವಳನ್ನು ಸುಟ್ಟದ್ದು ಆ ಹೆಸರು. ಅದನ್ನು ಕರೆಯುವ ಹಕ್ಕು ಅವರಿಗೆ ಯಾರು ಕೊಟ್ಟರು? ಆ ಹೆಸರಿನ ಹಿಂದೆ ತಾನಿರುವುದು ಗೊತ್ತಿದ್ದದ್ದು ಒಬ್ಬನಿಗೇ.

ಮನೆಗೆ ಬಂದ ಸಂಜಯನನ್ನು ಅವಳು ಹಿತ್ತಲಿಗೆ ಕರೆದು ಕೇಳಿದಳು.

"ನೀ ಹೇಳಿದ್ಯಾ ಅಣ್ಣಾ?"

"ಹುಚ್ಚಿ ಅದೀಯೇನ? ನಾ ಯಾಕ ಹೇಳ್ಲಿ?"

"ಭಂಡಾರ ಮುಟ್ಟಿ ಹೇಳು."

ಅವರ ಮನೆಗಳಲ್ಲಿ ಬೀರದೇವರ ಭಂಡಾರ ಮುಟ್ಟಿ ಸುಳ್ಳು ಹೇಳಿದವರು ಇಲ್ಲ. ಕುರಿ ಕದ್ದವನೂ ಆ ಅರಿಶಿನದ ಬಟ್ಟಲು ಕಂಡರೆ ಕದ್ದೆ ಎಂದು ಒಪ್ಪಿಕೊಂಡುಬಿಡುತ್ತಿದ್ದ. ಸಂಜಯ ಒಳಗೆ ಬಂದು, ಗೋಡೆಯ ಗೂಡಿನಲ್ಲಿದ್ದ ದೇವರ ಮಾಡದ ಮುಂದೆ ನಿಂತು ಬಟ್ಟಲಿನಲ್ಲಿ ಬೆರಳಿಟ್ಟ. "ಬೀರದೇವರ ಆಣಿ, ನಾ ಹೇಳಿಲ್ಲ," ಎಂದ. ಹಣೆಗೂ ಹಚ್ಚಿಕೊಂಡ. ಅವಳು ನಂಬಿದಳು, ನಂಬಿ ಅವನನ್ನು ಅನುಮಾನಿಸಿದ್ದಕ್ಕೆ ಅತ್ತಳು ಕೂಡ. ನೋಡಿ, ಅಳಬೇಕಾದವರು ಯಾರು, ಅತ್ತವರು ಯಾರು!

"ವಿನಯ ಬರದದ್ದೆಲ್ಲಾ ಪ್ರಿಂಟ್ ತಗಿ," ಎಂದ ಸಂಜಯ, ತಂಗಿಯ ಅಳು ನೋಡಲಾರದೆ. "ಅಪ್ಪನ ಮುಂದ ಹೇಳೂಣು. ನಾನೂ ನಿನ್ನ ಬಾಜುಕ ನಿಂದರತೀನಿ." ಆಗ ಅವನು ಹಾಗೆ ಹೇಳಿದ್ದು ಮನಸ್ಸಿನಿಂದಲೇ ಇರಬೇಕು. ಮನಸ್ಸಿನಿಂದ ಹೇಳಿದ ಮಾತು ಎಷ್ಟು ದಿನ ತಾಳುತ್ತದೆ ಎಂಬುದೇ ಬೇರೆ ಪ್ರಶ್ನೆ.

ಅಪ್ಪನಿಗೆ ಹೇಳುವ ಮುಂಚೆ ಅವಳು ಆಯಿಗೆ ಹೇಳಿದಳು. ಕಟ್ಟೆಯ ಮೇಲೆ ಕೂತು, ರೈಲಿನಿಂದ ಹಿಡಿದು ಎಲ್ಲವನ್ನೂ. ಮುದುಕಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

"ಹೇಳಿದ್ರ ಪಾಸ್ ಕಸ್ಕೋತಾನ ಆಯಿ, ಅಪ್ಪ."

"ಹೆಂಗ ಕಸ್ಕೋತಾನ ನೋಡ್ತೀನಿ. ಸುಮ್ಮನ ಇದ್ದಷ್ಟು ಮೈಮ್ಯಾಲ ಬರತಾವ ನಾಯಿ. ನಿನ್ನ ಬೆನ್ನಿಗೆ ನಾ ಅದೀನಿ, ಹೇಳು."

ಅವಳು ಹೇಳಿದಳು. ಕಾಗದದಲ್ಲಿದ್ದುದನ್ನು ಅಪ್ಪನಿಗೆ ಓದಿ ಹೇಳುವಾಗ ಕೆಲವು ಮಾತು ಹಾರಿಸಿದಳು. ಹಾರಿಸಿದ ಜಾಗದಲ್ಲೆಲ್ಲ ದುಂಡಪ್ಪನ ಮುಖ ಕಪ್ಪಿಟ್ಟಿತು. ಸಂಜಯ ಪಕ್ಕದಲ್ಲಿ ನಿಂತು ಹೂಂಗುಟ್ಟಿದ. ಆಯಿ ಹಿಂದೆ ನಿಂತು ಅವಳ ಬೆನ್ನ ಮೇಲೆ ಕೈಯಿಟ್ಟಿದ್ದಳು. ದುಂಡಪ್ಪ ಕಾಗದಗಳನ್ನು ಇಸಿದುಕೊಂಡು ಮಡಚಿ, "ತಪ್ಪ ನಿಂದಲ್ಲಂದ ಮ್ಯಾಲ ನೀ ಯಾಕ ಸಾಲಿ ಬಿಡಬೇಕು? ಹೋಗು," ಎಂದ. ಇಷ್ಟು ದಿನ ಹೆದರಿದ್ದೇ ಸುಳ್ಳಾಯಿತಲ್ಲ ಎಂದು ಅನುರಾಧಾಗೆ ಆ ಮನೆಯ ಜಂತೆಗಳ ಮೇಲೂ ಪ್ರೀತಿ ಬಂತು. ಮುಂದಿನ ಆದಿತ್ಯವಾರ ದುಂಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರವಿವಾರ ಪೇಟೆಗೆ ಹೋಗಿ ಕಾಗದಗಳನ್ನು ಸಾವಕಾರರ ಮುಂದಿಟ್ಟು ಬಂದ. ಗುರುಪಾದಪ್ಪ ಓದಿ, ಮಡಚಿ, "ವಿಚಾರ ಮಾಡ್ತೀನಿ ದುಂಡಪ್ಪಾ. ಹದಿನೈದ ದಿನಾ ಕೊಡು," ಎಂದನಂತೆ.

ಆ ಹದಿನೈದು ದಿನದ ನಡುವೆ ಮಹಾನವಮಿ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಹಿಡಿಯುವ ದಿನ. ದುಂಡಪ್ಪ ಬೆಳಿಗ್ಗೆಯೇ ನಂದಗಡದ ಆಚೆಯ ಹಳ್ಳಿಗೆ, ಅಣ್ಣನ ಮನೆಯ ಪೂಜೆಗೆ ಹೋದ. ಆದರೆ ತನ್ನ ಗಂಡ ತನ್ನ ಮನೆಯಲ್ಲೂ ಉಣ್ಣಬೇಕೆಂದು ಆಯಿಯದು ಪ್ರತಿ ವರ್ಷದ ಹಟ. ಅನುರಾಧಾ ಕಾಲೇಜು ಬಿಟ್ಟು ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಹೋಳಿಗೆ ಬೇಯಿಸಿದಳು. ಹನ್ನೆರಡಕ್ಕೆ ಬಂದು ಎಡೆ ಹಿಡಿಯಬೇಕಾದ ಸಂಜಯ ಬಂದದ್ದು ಮೂರಕ್ಕೆ. "ನಿಮ್ಮಜ್ಜ ಹಸಕೊಂಡ ಕುಂತಾನೋ," ಎಂದು ಆಯಿ ಬೈದಳು. ಅಂಗಡಿಯಲ್ಲಿ ಕೆಲಸವಿತ್ತು ಎಂದ ಅವನು, ಅಜ್ಜನ ಫೋಟೋದ ಕಡೆ ನೋಡದೆ ನಮಸ್ಕಾರ ಮಾಡಿದ.

ಹತ್ತು ದಿನದ ಮೇಲೆ ದಸರಾ. ಬನ್ನಿ ಕೊಡುವ ಸಂಜೆ. ಆ ದಿನ ಬನ್ನಿ ಎಲೆ ಹಿಡಿದು ಬಂದವನನ್ನು ವೈರಿಯಾದರೂ ಹೊಸ್ತಿಲ ಆಚೆ ನಿಲ್ಲಿಸುವಂತಿಲ್ಲ. ಎಲೆ ಕೊಟ್ಟು ತಗೊಂಡರೆ ವರ್ಷದ ಜಗಳ ಅಲ್ಲಿಗೆ ಮುಗಿಯಬೇಕು. ಆ ಊರುಗಳ ರೀತಿ ಅದು, ಒಳ್ಳೆಯ ರೀತಿ. ಅದು ಯಾರಿಗೆ ಎಷ್ಟು ಅನುಕೂಲ ಎಂಬುದನ್ನು ರವಿವಾರ ಪೇಟೆಯ ವ್ಯಾಪಾರಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಐದು ಗಂಟೆಗೆ ಬಿಳಿ ಕಾರೊಂದು ದುಂಡಪ್ಪನ ಮನೆಯ ಮುಂದೆ ನಿಂತಿತು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬನ್ನಿಯ ಗೊಂಚಲು ಹಿಡಿದು ಗುರುಪಾದಪ್ಪ ಇಳಿದ. ಹಿಂದೆ ವಿನಯ. ಕಾರಿನ ಬಾಗಿಲು ತೆಗೆದವನು ಸಂಜಯ.

"ಬರ್ರಿ ಸಾವಕಾರ್ರ, ಒಳಗ ಬರ್ರಿ, ಕುಂದರ್ರಿ," ಎಂದು ದುಂಡಪ್ಪ ಹಾಸಿಗೆಯ ಮೇಲಿನ ಚಾದರ ಸರಿಮಾಡಿದ.

ಗುರುಪಾದಪ್ಪ ಕೂತು, ನೀರು ಕುಡಿದು, ಮಾತು ತೆಗೆದ. ದನಿಯಲ್ಲಿ ಬೆಲ್ಲದ ವ್ಯಾಪಾರದವನ ಸವಿ. "ನೋಡ ದುಂಡಪ್ಪಾ, ನಾ ಯಾರನ್ನೂ ಬೈಯಾಕ ಬಂದಿಲ್ಲ. ಸಣ್ಣ ಹುಡುಗ್ರು. ಇಬ್ಬರದೂ ತಪ್ಪೈತಿ. ನನ್ನ ಮಗಾ ಬರದದ್ದ ನೀ ತೋರಿಸಿದಿ. ನಿನ್ನ ಮಗಳ ಬರದದ್ದ ನೀ ನೋಡಿಲ್ಲ, ತೋರಸ್ತೀನಿ." ಜೇಬಿನಿಂದ ಒಂದು ಕಾಗದ ತೆಗೆದ.

ಸಂಜಯನೇ ಅದನ್ನು ಓದಿದ. ಭರಮಪ್ಪ ಎಂಬ ಹೆಸರಿನಿಂದ ಕಿಂಗ್‌ಗೆ ಬರೆದದ್ದು: ನಿನ್ನ ಹಿಂದೆ ಬಿದ್ದವಳು ನಾನೇ, ನೀನು ಬೇಡವೆಂದದ್ದಕ್ಕೆ ಸಿಟ್ಟು ಬಂತು, ಅಪ್ಪನ ಮುಂದೆ ನಿನ್ನ ಮೇಲೆ ಸುಳ್ಳು ಹೇಳಿದೆ, ದೊಡ್ಡದು ಮಾಡಬೇಡ. ಅವನ ದನಿ ಎಲ್ಲೂ ತಡವರಿಸಲಿಲ್ಲ. ಒಂದು ಮಾತನ್ನೂ ಹಾರಿಸಲಿಲ್ಲ.

ಅನುರಾಧಾ ಎದ್ದು ಹೋಗಿ ಕಾಗದವನ್ನು ಅಣ್ಣನ ಕೈಯಿಂದ ಕಿತ್ತುಕೊಂಡಳು. ಸಾಲುಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ಕಾಗದದ ತಳಕ್ಕೆ ಬಂದಳು. ಮಾತು ಯಾವಾಗ ಬರೆದದ್ದೆಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಾರೀಖು, ವೇಳೆ ತಾವಾಗಿಯೇ ಬೀಳುತ್ತವೆ. ಮಧ್ಯಾಹ್ನ ಹನ್ನೆರಡು ನಲವತ್ತು. ತಾರೀಖು ಅಮಾವಾಸ್ಯೆಯದು.

ಅವಳು ಅಣ್ಣನ ಮುಖ ನೋಡಿದಳು. ಅವನು ಕಾರಿನ ಕಡೆ ನೋಡುತ್ತಿದ್ದ. ತಲೆಯಲ್ಲಿ ಎಲ್ಲವೂ ಒಂದೊಂದಾಗಿ ಜಾಗಕ್ಕೆ ಬಂದು ಕೂತಿತು: ಪಾಸ್‌ವರ್ಡ್, ಹೊರಗೆ ಹೋದ ಹೆಸರು, ಮೂರು ಗಂಟೆ. ಅಜ್ಜನಿಗೆ ಎಡೆ ಹಿಡಿಯುವ ಹೊತ್ತಿಗೆ ಅಜ್ಜನ ಹೆಸರಿನಲ್ಲೇ ಕೂತು ತಂಗಿಯ ಮಾನ ತೆಗೆದಿದ್ದ. ದಿನ ಯಾವುದೆಂದು ನೋಡುವಷ್ಟೂ ನಾಚಿಕೆ ಉಳಿದಿರಲಿಲ್ಲ ಅವನಿಗೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

"ಅಪ್ಪಾ, ಇದ ನಾ ಬರದದ್ದಲ್ಲ," ಎಂದಳು. ಕಾಗದದ ತಳಕ್ಕೆ ಬೆರಳಿಟ್ಟು ಅವನ ಮುಂದೆ ಹಿಡಿದಳು. "ಇಲ್ಲಿ ತಾರೀಖ ನೋಡು. ಅಮಾಸಿ ದಿನದ್ದು, ಮಧ್ಯಾಹ್ನದ್ದು. ನಾ ಆವತ್ತ ಬೆಳಗಾವಿಗೆ ಹೋಗೇ ಇಲ್ಲ. ಇಲ್ಲೇ ಒಲಿ ಮುಂದ ಇದ್ದೆ. ಆಯಿನ್ನ ಕೇಳು."

ವಿನಯನ ನಗು ಮೀಸೆಯೊಳಗೇ ಸಿಕ್ಕಿಕೊಂಡಿತು. ಗುರುಪಾದಪ್ಪ ಬನ್ನಿಯ ಗೊಂಚಲನ್ನು ಈ ಕೈಯಿಂದ ಆ ಕೈಗೆ ದಾಟಿಸಿದ. ಅಮಾವಾಸ್ಯೆಯ ದಿನ ಊರಲ್ಲಿರದ ದುಂಡಪ್ಪ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ತಾಯಿಯ ಕಡೆ ತಿರುಗಿದ.

"ಯವ್ವಾ, ಆವತ್ತ ಅನು ಮನ್ಯಾಗ ಇದ್ಲೇನ?"

ಸಿದ್ದಕ್ಕ ಮೊಮ್ಮಗಳನ್ನು ನೋಡಲಿಲ್ಲ. ಮೊಮ್ಮಗನನ್ನು ನೋಡಿದಳು. ಅವನ ಮುಖದಲ್ಲಿ ರಕ್ತವಿರಲಿಲ್ಲ, ಕಣ್ಣು ಭಂಡಾರದ ಬಟ್ಟಲಿನ ಕಡೆ ಹೋಗಿ ಹಿಂದಿರುಗಿತು. ಮುದುಕಿಗೆ ಅಷ್ಟು ಸಾಕಾಯಿತು, ಎಲ್ಲ ತಿಳಿಯಿತು. ಮನೆಗೆ ಇರುವವನು ಒಬ್ಬ ಗಂಡುಮಗ. ನಿಜ ಹೇಳಿದರೆ ಅವನ ನೌಕರಿ ಹೋಗುತ್ತದೆ, ಭಂಡಾರ ಮುಟ್ಟಿ ಸುಳ್ಳು ಹೇಳಿದವನೆಂದು ಕುಲದಲ್ಲಿ ಹೆಸರಾಗುತ್ತದೆ. ಹೆಣ್ಣು ಇಂದಲ್ಲ ನಾಳೆ ಇನ್ನೊಂದು ಮನೆ ಸೇರುವುದು.

"ನನಗೆಲ್ಲಿ ನೆನಪಿರತೈತೋ ತಮ್ಮಾ," ಎಂದಳು ಸಿದ್ದಕ್ಕ. "ವಯಸ್ಸಾತು. ಯಾವತ್ತ ಯಾರ ಇದ್ರು, ಯಾರ ಹ್ವಾದ್ರು, ಏನೂ ನೆನಪಾಗವೊಲ್ದು."

ಅನುರಾಧಾಗೆ ಮೊದಲು ಅರ್ಥವೇ ಆಗಲಿಲ್ಲ. ಆಯಿ ಇನ್ನೊಂದು ಮಾತು ಸೇರಿಸುತ್ತಾಳೆ ಎಂದು ಕಾದಳು. ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಬೆನ್ನ ಹಿಂದಿನ ಮನೆ ಖಾಲಿಯಾಯಿತು. ವಿನಯ ಬರೆದದ್ದು ನೋವಾಗಿತ್ತು, ಅಣ್ಣ ಬರೆದದ್ದು ಉರಿಯಾಗಿತ್ತು, ಆದರೆ ಇದು ಅವಳ ಉಸಿರನ್ನೇ ತೆಗೆಯಿತು. ಹೇಳು ಎಂದು ಮುಂದೆ ನೂಕಿದವಳೇ ಇವಳಲ್ಲವೇ ಎಂದು ಚೀರಬೇಕೆನಿಸಿತು. ಚೀರಿದರೆ ಯಾರು ನಂಬುತ್ತಿದ್ದರು?

"ಇರಲಿ ಬಿಡು," ಎಂದ ಗುರುಪಾದಪ್ಪ ದೊಡ್ಡ ಮನಸ್ಸಿನಿಂದ. "ಹಬ್ಬದ ದಿನಾ. ಬನ್ನಿ ತಗೊಂಡು ಬಂಗಾರದಂಗ ಇರೂಣು." ಮೊದಲು ಎರಡೂ ಕೈ ಚಾಚಿ ತಗೊಂಡವನು ಸಂಜಯ. ಆಮೇಲೆ ದುಂಡಪ್ಪ. ಹೊರಡುವಾಗ ಸಾವಕಾರ ನೆನಪಾದವನಂತೆ, ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಇನ್ನೊಂದು ಕೆಫೆ ತೆಗೆಯುತ್ತಿರುವುದಾಗಿಯೂ ಅದನ್ನು ಪೂರ್ತಿ ಸಂಜಯನಿಗೇ ವಹಿಸುವುದಾಗಿಯೂ ಹೇಳಿದ. ದುಂಡಪ್ಪ ಎರಡು ಎಲೆಗಳನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಅವಳು ಅದನ್ನು ಯಾರಿಗೂ ಕೊಡಲಿಲ್ಲ, ಕೆಳಗೆ ಬೀಳಲು ಬಿಟ್ಟಳು. ಅಪ್ಪ ಗೋಡೆಗೆ ತೂಗುಹಾಕಿದ್ದ ಅವಳ ಚೀಲದಿಂದ ಪಾಸ್ ತೆಗೆದು, ಭಂಡಾರದ ಬಟ್ಟಲಿನ ಕೆಳಗಿಟ್ಟ.

ಹಿತ್ತಲಲ್ಲಿ ಸಂಜಯ ಕೈಕಾಲು ತೊಳೆಯುತ್ತಿದ್ದಾಗ ಅವಳು ಹೋಗಿ ಎದುರು ನಿಂತಳು. ಅವನೇ ಹೇಳಿದ. "ಆಗ ಅವ್ರೆಲ್ಲಾ ಮುದುಕಾ ಮುದುಕಾ ಅಂತ ಬೈದ್ರು. ಮುದುಕ ಅಲ್ಲ, ನನ್ನ ತಂಗಿ ಅಂತ ಜಂಬದಾಗ ಅಂದುಬಿಟ್ಟೆ. ಆಮ್ಯಾಲ ಕೈ ಮೀರಿತು." ನೀರು ಸುರಿದುಕೊಂಡ. "ನಿಂದೇನವಾ, ಎರಡ ವರ್ಷದಾಗ ಲಗ್ನ ಆಗೂದು. ನನಗ ಜೀವನಾ ಐತಿ."

ತನಗಿರುವುದು ಹಾಗಾದರೆ ಏನು ಎಂದು ಅವಳು ಕೇಳಲಿಲ್ಲ.

ಒಂದು ವಾರ ಕಳೆಯಿತು. ಬೆಳಗಿನ ಗಾಡಿ ಅವಳನ್ನು ಬಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡಿತು. ಆಯಿ ಅವಳಿಗೆ ತುಪ್ಪ ಹೆಚ್ಚು ಬಡಿಸುತ್ತಿದ್ದಳು, ಕೂದಲಿಗೆ ಎಣ್ಣೆ ಹಚ್ಚಲು ಕರೆಯುತ್ತಿದ್ದಳು. ಕಟ್ಟೆಯ ಮೇಲೆ ಹರಳು ಹರಡಿ, "ಬಾರವಾ, ಒಂದಾಟ ಆಡೂಣು," ಎಂದಳು ಒಂದು ದಿನ. "ಆಟ ನೆನಪೈತೇನ ನಿನಗ?" ಎಂದು ಕೇಳಿ ಅನುರಾಧಾ ಒಳಗೆ ಹೋಗಿದ್ದಳು. ಅಂದಿನಿಂದ ಮುದುಕಿ ಕರೆದಿರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಪಕ್ಕದ ಮನೆಯ ಚಂದ್ರವ್ವ ಬಂದಳು. ಮಗಳ ಬಾಣಂತನಕ್ಕೆಂದು ಎರಡು ತಿಂಗಳು ಧಾರವಾಡದಲ್ಲಿದ್ದು ಹಿಂದಿನ ದಿನವಷ್ಟೇ ತಿರುಗಿ ಬಂದಿದ್ದಳು. ಅವಳ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಸ್ಟೇಷನ್ನಿನವರೆಗೆ ಮುಟ್ಟುತ್ತದೆ ಎಂಬುದು ಓಣಿಯ ಮಕ್ಕಳಿಗೂ ಗೊತ್ತು. ಇಬ್ಬರೂ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತರು. ಅನುರಾಧಾ ಒಳಗೆ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದಳು. ಚಂದ್ರವ್ವ ಅಮಾವಾಸ್ಯೆಗೆ ಮಗಳ ಮನೆಯಲ್ಲಿ ಹೋಳಿಗೆ ಹರಿದುಹೋದದ್ದನ್ನು ಹೇಳಿ ನಕ್ಕಳು. ಅದಕ್ಕೆ ಸಿದ್ದಕ್ಕ ಸುಮ್ಮನಿರುವವಳೇ?

"ನಮ್ಮ ಅನೂನ ಹೋಳಿಗಿ ನೋಡಬೇಕಿತ್ತ ನೀ! ಆವತ್ತ ಮುಂಜಾನಿಂದ ಒಲಿ ಬಿಟ್ಟ ಎದ್ದಿಲ್ಲ ಹುಡುಗಿ. ಇಪ್ಪತ್ತಾರ ಹೋಳಿಗಿ, ಒಂದರ ಹರದಿದ್ರ ಕೇಳು. ಎರಡನೇದಕ್ಕ ಬೆರಳ ಸುಟ್ಕೊಂಡ್ಲು, ಅರಿಷಿಣಾ ಹಚ್ಚಿದೆ. ಹನ್ನೆರಡ ಬಡಿಯೂದ್ರಾಗ ಎಡಿ ತಯಾರ."

"ಏನ್ ನೆನಪಬೇ ನಿಂದು!" ಎಂದು ಚಂದ್ರವ್ವ ಗಲ್ಲದ ಮೇಲೆ ಕೈಯಿಟ್ಟಳು. "ನನಗ ನಿನ್ನಿ ಉಂಡದ್ದ ನೆನಪಿಲ್ಲ."

ಅನುರಾಧಾಳ ಕೈ ಮೊರದ ಮೇಲೆಯೇ ನಿಂತಿತು. ಎರಡನೆಯ ಹೋಳಿಗೆಗೆ ಬೆರಳು ಸುಟ್ಟದ್ದು ಅವಳಿಗೇ ಮರೆತುಹೋಗಿತ್ತು. ದೂರದಲ್ಲಿ ಬೆಳಗಿನ ಗಾಡಿ ಕೂಗಿತು. ಅವಳು ಮೊರ ಕೆಳಗಿಟ್ಟು ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಸಿದ್ದಕ್ಕ ತಲೆ ಎತ್ತಿ ನೋಡಿ, ಬಾಯಿ ತೆರೆದಿದ್ದವಳು ಹಾಗೆಯೇ ಉಳಿದಳು.

"ಮುಂದ ಹೇಳ ಆಯಿ," ಎಂದಳು ಅನುರಾಧಾ. "ಎಡಿ ತಯಾರಾತು. ಸಂಜು ಅಣ್ಣ ಎಷ್ಟೊತ್ತಿಗೆ ಬಂದಾ?"

ಚಂದ್ರವ್ವ ಮುದುಕಿಯ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ಮತ್ತೆ ಮುದುಕಿಯ ಮುಖ ನೋಡಿದಳು.

"ಒಳಗ ಹಾಲ ಉಕ್ಕತೈತಿ, ನೋಡ ಹೋಗವಾ," ಎಂದಳು ಸಿದ್ದಕ್ಕ.

ಒಳಗೆ ಹಾಲಿರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ.

ನಾಲ್ಕು ಮಂದಿಯ ಬಾಯಿಗೆ ಹೆಸರು ಬಿದ್ದರೆ ಪಾಸ್ ಹೋಗುತ್ತದೆ ಎಂದು ಎರಡು ವರ್ಷ ಹಲ್ಲು ಕಚ್ಚಿ ಓಡಾಡಿದ್ದಳು ಅನುರಾಧಾ. ಪಾಸ್ ಹೋಗಿಯಾಗಿತ್ತು. ಇನ್ನು ಹೆದರಲು ಏನಿತ್ತು? ಅವಳು ಕಟ್ಟೆಗೆ ಬಂದು ಇಬ್ಬರ ನಡುವೆ, ಅಜ್ಜ ಕೆತ್ತಿದ ಗೆರೆಗಳ ಈ ಬದಿಗೆ ಕೂತಳು.

"ಚಂದ್ರವ್ವ ಕಾಕಿ, ಏಳಬ್ಯಾಡ್ರಿ, ಕುಂದರ್ರಿ. ಆಯಿಗೆ ನೆನಪಾಗವೊಲ್ದು. ನಾ ಹೇಳ್ತೀನಿ."

ರೈಲಿನಿಂದ ಶುರುಮಾಡಿದಳು. ಒಂದು ಮಾತನ್ನೂ ಹಾರಿಸಲಿಲ್ಲ. ಆಯಿ ಎದ್ದು ಹೋಗಲೂ ಆಗದೆ, ಅಲ್ಲವೆನ್ನಲೂ ಆಗದೆ, ಆ ಗೆರೆಗಳ ಮೇಲೆ ಕೈಯೂರಿಕೊಂಡು ಕೂತೇ ಇದ್ದಳು.